ಮಗಳ ಹಾಡಿಗೆ ನಾನು ಹಾಕಿದ ಅಂಕಿತ

ದೇವರನ್ನು ನಂಬಿದ ಅಣ್ಣ-ಅಕ್ಕಂದಿರಿಗೆ ಕೊಹಿನೂರ ಎಂಬ ಹಳ್ಳಿಯ ಒಬ್ಬ ಭಜನೆಯವನ ಶರಣು. ದೇವರ ದಯೆಯಿಂದ ಕಾಯಿಲೆ ವಾಸಿಯಾದ ಅನುಭವಗಳನ್ನು ನೀವು ಬಹಳ ಓದಿದ್ದೀರಿ. ನನ್ನ ಮಗಳು ಸುನೀತಾ ಉಳಿಯಲಿಲ್ಲ. ಅವಳ ಜೀವಕ್ಕಾಗಿ ಬೇಡಿದ್ದು ನನಗೆ ಸಿಗಲಿಲ್ಲ. ಆಮೇಲೆ ಬೇಡಿದ್ದು ಸಿಕ್ಕಿತು. ಅದನ್ನೇ ಬರೆಯುತ್ತಿದ್ದೇನೆ.

ನಾನು ಹೊಲ ಮಾಡಿಕೊಂಡು, ಆಡು ಸಾಕಿಕೊಂಡು ಇರುವವನು. ಪ್ರತಿ ಸೋಮವಾರ ನಮ್ಮ ಮಂಡಳಿಯ ಭಜನೆಯಲ್ಲಿ ಹಾರ್ಮೋನಿಯಂ ಪೇಟಿ ನುಡಿಸಿ ಹಾಡುತ್ತಿದ್ದೆ. ಅದಕ್ಕೇ ಊರವರು ನನ್ನನ್ನು ಮಾಸ್ತರ ಎನ್ನುತ್ತಾರೆ. ನಮ್ಮ ಮಂಡಳಿಯಲ್ಲಿ ಒಂದು ಕಟ್ಟುಪಾಡಿದೆ. ಹಾಡಿನ ಕೊನೆಯ ನುಡಿಯಲ್ಲಿ ಗುರುವಿನ ಹೆಸರು ಬರಬೇಕು. ಅದಕ್ಕೆ ಅಂಕಿತ ಎನ್ನುತ್ತೇವೆ. ಅಂಕಿತವಿಲ್ಲದ ಹಾಡನ್ನು ಹಾಡುವುದಿಲ್ಲ.

ಸುನೀತಾ ಶಾಲೆಯಲ್ಲಿದ್ದಾಗಿನಿಂದಲೇ ಹಾಡು ಕಟ್ಟಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ನೀರು ಹೊರುವುದರ ಮೇಲೆ ಅವಳು ಕಟ್ಟಿದ ಹಾಡು ನನಗೆ ಬಹಳ ಹಿಡಿಸಿತು. ಹಾಡದೆ ಇರಲಾಗಲಿಲ್ಲ. ಕೊನೆಗೆ ಲಿಂಗೈಕ್ಯರಾದ ನಮ್ಮ ಗುರುಗಳ ಅಂಕಿತ ಸೇರಿಸಿ ಭಜನೆಯಲ್ಲಿ ಹಾಡಿಬಿಟ್ಟೆ. ಯಾರದೆಂದು ಕೇಳಿದವರಿಗೆ ಗುರುಗಳದೆಂದೆ. ಮನೆಗೆ ಬಂದು ಹೇಳಿದಾಗ ಅವಳು ನಕ್ಕಳು.

"ನನ್ನ ಹಾಡಿಗಿ ಮೀಸಿ ಹಚ್ಚಿ ಬಂದ್ಯಲ್ಲಪ್ಪಾ."

ಎರಡು ವರ್ಷದಲ್ಲಿ ಆ ಹಾಡು ಸುತ್ತಲಿನ ಹಳ್ಳಿಗಳಲ್ಲೆಲ್ಲ ಹಬ್ಬಿತು.

ಆಮೇಲೆ ಅವಳು ತನ್ನ ಆರು ಹಾಡುಗಳ ಆಲ್ಬಮ್ ಮಾಡಲು ಹೊರಟಳು. ಬಸವಕಲ್ಯಾಣದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ರಜೆಯ ದಿನ ಇಬ್ಬರೂ ಹುಮನಾಬಾದಿನ ಬಸ್ಸು ಹತ್ತುತ್ತಿದ್ದೆವು. ಗಂಟಲು ಉಳಿಯಲೆಂದು ಅವಳು ದಾರಿಯಲ್ಲಿ ಮಾತಾಡುತ್ತಿರಲಿಲ್ಲ. ಕಂಡಕ್ಟರನಿಗೆ ಎರಡು ಬೆರಳು ತೋರಿಸುತ್ತಿದ್ದಳು. "ಮೂಕಿ ಏನ್ರಿ, ಪಾಪ?" ಎಂದು ಅವನು ಒಮ್ಮೆ ಕೇಳಿದ. "ಹಾಡಾಕ ಹೊಂಟಾಳ್ರಿ" ಎಂದೆ. ಅವನು ನಂಬಲಿಲ್ಲ. ಅಲ್ಲಿನ ಒಂದು ಫೋಟೋ ಸ್ಟುಡಿಯೋದ ಮೇಲಿನ ಕೋಣೆಯಲ್ಲಿ, ಸದ್ದು ಬರದಂತೆ ಗೋಡೆಗೆ ಕೌದಿ ಕಟ್ಟಿ, ಫ್ಯಾನು ಆರಿಸಿ ರೆಕಾರ್ಡ್ ಮಾಡುತ್ತಿದ್ದರು. ನೀರಿನ ಹಾಡಿಗೆ ಅವಳು ಅಂಕಿತ ಸೇರಿಸಲಿಲ್ಲ. ತಾನು ಕಟ್ಟಿದಂತೆಯೇ ಹಾಡಿದಳು.

ಆಲ್ಬಮ್ ಮೊಬೈಲಿನಲ್ಲಿ ಬಂದ ಮೇಲೆ ಮೊದಲು ನೆಂಟರು ಹೊಗಳಿದರು. ಆಮೇಲೆ ಹಾಡಿನ ಕೆಳಗೆ ಜನ ಬರೆಯುವ ಬೈಗುಳ ಬರತೊಡಗಿದವು. ಗುರುಗಳ ಹಾಡಿನ ಅಂಕಿತ ಕಿತ್ತು ತನ್ನ ಹೆಸರು ಹಾಕಿಕೊಂಡಿದ್ದಾಳೆ ಎಂದರು. ಉಳಿದ ಐದು ಹಾಡುಗಳನ್ನು ಯಾರೂ ಕೇಳಲಿಲ್ಲ. ಮಂಡಳಿಯ ಹಿರಿಯರು ಮನೆಗೇ ಬಂದರು.

"ಮಾಸ್ತರ, ಮಗಳಿಗಿ ನೀವರ ಬುದ್ಧಿ ಹೇಳಬಾರ್ದೇನ್ರಿ? ಕದ್ದದ್ದೂ ಗುರುಗಳ ಹಾಡೇ ಬೇಕಾಗಿತ್ತೇನು?"

ನಾನು ನೆಲ ನೋಡುತ್ತ ಚಹಾ ಕುಡಿದೆ. ಸುಳ್ಳು ಅಂಕಿತ ಹಾಕಿದವನೆಂದು ತಿಳಿದರೆ ನನ್ನನ್ನು ಪೇಟಿಯ ಮುಂದೆ ಯಾರು ಕೂಡಿಸುತ್ತಾರೆ ಎಂಬ ಅಂಜಿಕೆ. ಅವರು ಹೋದ ಮೇಲೆ ಮಗಳು ಕೇಳಿದಳು.

"ಅಪ್ಪಾ, ಒಂದ್ ಮಾತ ಹೇಳಬಾರ್ದಿತ್ತಾ?"

"ಹೇಳ್ತೀನವ್ವಾ. ಶ್ರಾವಣದ ಭಜನಿ ಮುಗೀಲಿ."

ಶ್ರಾವಣ ಮುಗಿಯುವ ಮೊದಲೇ ಅವಳಿಗೆ ಕಾಮಾಲೆ ತಲೆಗೇರಿತು. ಹುಮನಾಬಾದಿನ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದಳು. ಹೊರಗಿನ ಬೆಂಚಿನ ಮೇಲೆ ಕುಳಿತು, ಇವಳನ್ನು ಉಳಿಸಿದರೆ ಎಲ್ಲರ ಮುಂದೆ ನಿಜ ಹೇಳುತ್ತೇನೆ ಎಂದು ಶಿವನಿಗೆ ಕರಾರು ಹಾಕಿದೆ. ಎಂಟನೆಯ ದಿನ ಎಚ್ಚರವಾದಾಗ ಅವಳು, "ಯಾರಿಗರ ಹೇಳಿದ್ಯಾ ಅಪ್ಪಾ?" ಎಂದಳು. ಇಲ್ಲವೆಂದೆ. "ಇರ್ಲಿ ಬಿಡು" ಎಂದು ಗೋಡೆಯ ಕಡೆ ಹೊರಳಿದಳು. ಮರುದಿನ ಅವಳನ್ನು ಊರಿಗೆ ತಂದೆವು, ಮಣ್ಣು ಮಾಡಲು.

ಐದು ತಿಂಗಳು ಪೇಟಿ ಮುಟ್ಟಲಿಲ್ಲ. ಹೇಳಬೇಕೆಂದು ಮೂರು ಸಲ ಹಿರಿಯರ ಮನೆಯ ತನಕ ಹೋಗಿ ತಿರುಗಿ ಬಂದೆ. ಒಂದು ಸೋಮವಾರ ಮಂಡಳಿಯವರು ಒತ್ತಾಯ ಮಾಡಿ ನಾರಾಯಣಪುರದ ಶಿವನ ಗುಡಿಗೆ ಕರೆದೊಯ್ದರು. ಭಜನೆಗೆ ಮುಂಚೆ ಲಿಂಗದ ಮುಂದೆ ನಿಂತೆ. ಅಂದು ಕರಾರು ಹಾಕಲಿಲ್ಲ. "ನನಗ ಬಾಯಿ ಕೊಡು" ಎಂದಷ್ಟೇ ಬೇಡಿದೆ.

ಸಂಜೆ ಜನ ಹಾಡಲು ಕೇಳಿದ್ದು ಅದೇ ನೀರಿನ ಹಾಡು. ಅಂಕಿತ ಸಹಿತ ಹಾಡಿ ಮುಗಿಸಿದೆ. ಕಂಬದ ಹತ್ತಿರ ಕುಳಿತಿದ್ದ ಮುದುಕಿಯೊಬ್ಬಳು ಕೇಳಿದಳು.

"ತಮ್ಮಾ, ಇದು ಯಾರ ಹಾಡು?"

"ಗುರುಗಳದು ಆಯಿ" ಎಂದರು ತಬಲಾದವರು.

"ಅಲ್ಲ ಬಿಡು. ಕೊಡ ಇಳಿಸಿದ ಮ್ಯಾಲೂ ಕುತ್ತಿಗಿ ಹಂಗೇ ಸೆಟಗೊಂಡಿರ್ತದ ಅಂತ ಇದ್ರಾಗ ಅದ. ನಿಮ್ಮ ಗುರುಗಳು ಯಾವಾಗ ಕೊಡ ಹೊತ್ತಿದ್ರು? ಇದು ಹೆಣ್ಮಗಳ ಹಾಡು."

ಎಲ್ಲರೂ ನಕ್ಕರು. ನನ್ನ ಬಾಯಿಂದ ಮಾತು ತಾನಾಗಿ ಬಂತು. "ಖರೆ ಅದ ಆಯಿ. ನನ್ನ ಮಗಳ ಹಾಡು. ಅಂಕಿತ ನಾ ಹಾಕೀನಿ. ಆಕಿ ಕದ್ದಿಲ್ಲ, ನಾ ಕದ್ದೀನಿ."

ಹಿರಿಯರು ತಾಳ ಕೆಳಗಿಟ್ಟರು. "ಇಷ್ಟ ದಿನ ಬಾಯಾಗ ಏನ್ ಇಟ್ಕೊಂಡಿದ್ರಿ ಮಾಸ್ತರ?" ಎಂದರು. ನಾನು ಪೇಟಿ ಮುಚ್ಚಲು ಹೋದೆ. ಮುದುಕಿಯೇ, "ಆಕಿ ಹ್ಯಾಂಗ ಹಾಡ್ತಿದ್ಳೋ ಹಂಗ ಹಾಡು" ಎಂದಳು. ಹಾಡಿದೆ. ಅಂಕಿತ ಸೇರಿಸದೆ, ಮಗಳು ನಿಲ್ಲಿಸುತ್ತಿದ್ದಲ್ಲಿ ನಿಲ್ಲಿಸಿದೆ. ಯಾರೂ ಎದ್ದು ಹೋಗಲಿಲ್ಲ.

ಈಗ ಆ ಹಾಡನ್ನು ಹಲವು ಊರುಗಳಲ್ಲಿ ಅವಳ ಹೆಸರು ಹೇಳಿ ಹಾಡುತ್ತಾರೆ. ಉಳಿದ ಐದನ್ನೂ ಕೇಳುತ್ತಿದ್ದಾರೆ. ನನ್ನನ್ನು ಪೇಟಿಯಿಂದ ತೆಗೆದರು. ಹಿಂದೆ ಕುಳಿತು ತಾಳ ಹಾಕುತ್ತೇನೆ. ಅದು ಸರಿಯಾಗಿಯೇ ಇದೆ.

ಶಿವನಿಗೆ ನಾನು ಋಣಿ. ಬಾಯಿ ಕೊಡೆಂದು ಬೇಡಿದ ದಿನವೇ ಕೊಟ್ಟ. ಮಗಳು ಬದುಕಿದ್ದಾಗ ಬೇಡಿದ್ದರೆ ಆಗಲೂ ಅದೇ ದಿನ ಕೊಡುತ್ತಿದ್ದ ಎಂಬುದರಲ್ಲಿ ನನಗೆ ಈಗ ಸಂಶಯವಿಲ್ಲ.