ಚಿಟ್ಟೆ ಬಿಡಿಸುವ ಪೆದ್ದಣ್ಣ

ಹಿಂದೂಪುರದ ರೇಷ್ಮೆಮೊಟ್ಟೆ ಕೇಂದ್ರವೊಂದರಲ್ಲಿ ಚಿಟ್ಟೆ ವಿಂಗಡಿಸುವ ಪೆದ್ದಣ್ಣನಿಗೆ ರೇಷ್ಮೆ ಇಲಾಖೆಯ ಇನ್ಸ್‌ಪೆಕ್ಟರ್ ಒಬ್ಬನ ಮೇಲಿನ ಸಿಟ್ಟು ಇವತ್ತಿಗೂ ಆರಿಲ್ಲ. ಗೂಡಿನಿಂದ ಹೊರಬಿದ್ದ ಚಿಟ್ಟೆ ಹೆಣ್ಣೋ ಗಂಡೋ ಎಂದು ಹೇಳಲು ಅವನಿಗೆ ರೆಪ್ಪೆ ಬಡಿಯುವಷ್ಟು ಹೊತ್ತೂ ಬೇಡ. "ರೆಕ್ಕೆ ಬಡ್ಕೊಂಡು ಎಗರಾಡ್ತಾನಲ್ಲ, ಇವ್ನೇ ಗಂಡು, ಕೆಲ್ಸ ಕಮ್ಮಿ, ಗಲಾಟೆ ಜಾಸ್ತಿ" ಎಂದು ತಟ್ಟೆಗೆ ಎಸೆಯುತ್ತಾನೆ. ಜೋಡಿ ಕೂಡಿ ನಾಲ್ಕು ಗಂಟೆಯಾಯಿತೋ, "ಸಾಕು ಬಿಡ್ಲಾ, ಅವ್ಳು ಮೊಟ್ಟೆ ಇಕ್ಬೇಕು" ಎಂದು ಬೈದೇ ಬಿಡಿಸುತ್ತಾನೆ. ಹೆಣ್ಣುಚಿಟ್ಟೆಯನ್ನು ಹೂವಿನಂತೆ ಎತ್ತುವ ಅದೇ ಕೈ, ಮೂರನೆಯ ಮಗುವೂ ಹೆಣ್ಣಾದಾಗ ಹೆಂಡತಿ ಪಾಪಕ್ಕನನ್ನು ಬಾಣಂತಿ ಎಂದೂ ನೋಡದೆ ತವರೂರು ಪರಿಗಿಯ ಬಸ್ಸಿಗೆ ದಬ್ಬಿತ್ತು. ಎರಡು ವರ್ಷ ಕಳೆದು ಅವಳಾಗಿಯೇ ಬಂದಳು. ಅದಾದ ಮೇಲೆ ತಪಾಸಣೆಗೆ ಬಂದ ಇನ್ಸ್‌ಪೆಕ್ಟರ್, ಟೀ ಕುಡಿಯುತ್ತ ಎಲ್ಲರೆದುರು, "ಚಿಟ್ಟೇಲಿ ಮರಿ ಹೆಣ್ಣೋ ಗಂಡೋ ಅನ್ನೋದು ತಾಯಿಯಿಂದ ಕಣಪ್ಪ, ನಮ್ಮಲ್ಲಿ ತಂದೆಯಿಂದ" ಅಂದುಬಿಟ್ಟ. "ಇದನ್ನ ಮುಂಚೇನೇ ಬಂದು ಬೊಗಳಕ್ಕೆ ಏನಾಗಿತ್ತು ಇವ್ನಿಗೆ?" ಎಂದು ಪೆದ್ದಣ್ಣ ಹಲ್ಲು ಕಡಿಯುತ್ತಾನೆ. ದಿನಾ ಮಧ್ಯಾಹ್ನ ಪಾಪಕ್ಕ ಮುದ್ದೆ ತಂದು ಎದುರಿಗೆ ಕೂರುತ್ತಾಳೆ. ತಪ್ಪಾಯಿತು ಎಂಬ ಒಂದು ಮಾತು, ಅವಳಿಗೆ ಸಲ್ಲಬೇಕಾದ ಹಳೆಯ ಬಾಕಿ, ಅವನ ಗಂಟಲವರೆಗೆ ಬರುತ್ತದೆ. "ಸಾರಿಗೆ ಉಪ್ಪು ಸಾಲ್ದು ಕಣೇ" ಎನ್ನುತ್ತಾನೆ.