ಮಾಸ್ತರರ ಪಾಲಿನ ಗೋಡೆ

ಬಡವರಿಗೆ ಮನೆ ಕಟ್ಟಿಕೊಡಲು ಸರ್ಕಾರ ಬಾಂಡ್ ಮಾರಿ ಜನರಿಂದಲೇ ಸಾಲ ಎತ್ತಿತು. ಆ ಹಣದಲ್ಲಿ ಇಂಡಿ ತಾಲೂಕಿನ ವಿಧವೆಯರ ಪಟ್ಟಿಯಲ್ಲಿದ್ದ ನನಗೂ ಒಂದು ಮನೆ ಮಂಜೂರಾಯಿತು. ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುತ್ತ, ಸೋರುವ ತಗಡಿನ ಶೆಡ್ಡಿನಲ್ಲಿ ಹನ್ನೆರಡು ಮಳೆಗಾಲ ಕಳೆದವಳು ನಾನು. ಸುದ್ದಿ ಕೇಳಿ ಕುಣಿದಾಡಿಬಿಟ್ಟೆ. ಆದರೆ ಮನೆಯ ಜೊತೆ ಮಾಸ್ತರರೂ ಬರುತ್ತಾರೆಂದು ಯಾವನೂ ಹೇಳಿರಲಿಲ್ಲ.

ಮಾಸ್ತರರು ನಮ್ಮ ಓಣಿಯ ನಿವೃತ್ತ ಗಣಿತ ಶಿಕ್ಷಕರು. ಮನೆಯೊಳಗೆ ಮರಾಠಿ, ಹೊರಗೆ ಕನ್ನಡ, ಸಿಟ್ಟು ಬಂದರೆ ಎರಡೂ. ನಿವೃತ್ತಿಯ ಹಣದಲ್ಲಿ ಅದೇ ಬಾಂಡ್ ಕೊಂಡಿದ್ದರು. ಬುನಾದಿ ಹಾಕಿದ ದಿನವೇ ಬಂದು, ಅಡುಗೆಮನೆಯ ಪಡುವಣ ಗೋಡೆಯ ಜಾಗ ತೋರಿಸಿ, “ತಂಗಿ, ಈ ಗ್ವಾಡಿ ನಂದು” ಎಂದರು.

“ಬಾಂಡಿಗೆ ಬಡ್ಡಿ ಬರ್ತೈತ್ರಿ ಮಾಸ್ತರ, ಗ್ವಾಡಿ ಬರಂಗಿಲ್ಲ” ಎಂದೆ. ಕೇಳುವ ಆಸಾಮಿಯೇ? ದಿನಾ ಬೆಳಿಗ್ಗೆ ಕೊಡ ಹೊತ್ತು ಬಂದು ಆ ಒಂದು ಗೋಡೆಗಷ್ಟೇ ನೀರು ಹೊಡೆಯುವರು. ಉಳಿದ ಮೂರು ಒಣಗಿ ಸಾಯಲಿ! “ಇಲ್ಲಿ ಇನ್ನೊಂದು ಬುಟ್ಟಿ ಸಿಮೆಂಟ್ ಹಾಕೋ” ಎಂದು ಗೋಡೆ ಕಟ್ಟುವ ಗೌಂಡಿಯ ತಲೆ ತಿನ್ನುವರು. ಕೊನೆಗೆ ಗೌಂಡಿ ನನ್ನನ್ನೇ ಕೇಳಿದ: “ಅಕ್ಕಾ, ಮಾಲಕರು ಯಾರ್ರಿ?” ನನ್ನ ಮೈಯೆಲ್ಲ ಉರಿದುಹೋಯಿತು.

ಗೋಡೆ ಎದ್ದ ಮೇಲೆ ಚಾವಣಿಯ ಕಂತು ಬರಬೇಕು. ಅದಕ್ಕೆ ಎಂಜಿನಿಯರ್ ನನ್ನನ್ನು ಮನೆಯ ಮುಂದೆ ನಿಲ್ಲಿಸಿ, ಮೊಬೈಲಿನಲ್ಲಿ ಫೋಟೊ ತೆಗೆದು ಆಫೀಸಿಗೆ ಕಳಿಸಬೇಕು. ಇಳಕಲ್ ಸೀರೆ ಉಟ್ಟು, ಉಸಿರು ಬಿಗಿಹಿಡಿದು ನಿಂತೆ. ಎಂಜಿನಿಯರ್ ಅವಸರದ ಮನುಷ್ಯ. ಟಕ್ಕನೆ ಒತ್ತಿ ಬೈಕ್ ಏರಿದ.

ವಾರದ ಮೇಲೆ ಕಿಡಿಕಿಡಿಯಾಗಿ ಮರಳಿ ಬಂದ. “ಏನವ್ವಾ, ಕಾಗದದಾಗ ಗಂಡ ಸತ್ತಾನಂತ ಬರಸೀರಿ, ಫೋಟೊದಾಗ ಕೋಟ್ ಹಾಕ್ಕೊಂಡು ನಿಂತಾನಲ್ಲ!”

ಅಯ್ಯ ಶಿವನೇ! ಮೊಬೈಲಿನಲ್ಲಿ ನೋಡಿದರೆ, ನನಗೆ ಗೊತ್ತಾಗದ ಹಾಗೆ ಹಿಂದಿನಿಂದ ಬಂದು ನನ್ನ ಬಗಲಲ್ಲೇ ಕರಿ ಟೊಪ್ಪಿಗೆ, ಕೋಟು, ಎದೆಯುಬ್ಬಿಸಿ ನಿಂತ ಮಾಸ್ತರರು. ಕೇಳಿದರೆ, “ರೊಕ್ಕ ಹಾಕಿದಾವ ಫೋಟೊದಾಗ ಬ್ಯಾಡೇನು?” ಎಂದರು. ಓಣಿಯ ಹೆಂಗಸರಿಗೆ ಹಬ್ಬ. “ಅಕ್ಕಾ, ಲಗ್ನದ ಊಟ ಯಾವಾಗ?” ಎಂದು ಕಾಡಿದ್ದೇ ಕಾಡಿದ್ದು. ಶನಿವಾರದೊಳಗೆ ಹೊಸ ಫೋಟೊ ಹೋಗದಿದ್ದರೆ ಚಾವಣಿ ಮಳೆಗಾಲ ಮುಗಿದ ಮೇಲೆಯೇ ಅಂತೆ. ಮತ್ತೆ ಅದೇ ಸೋರುವ ತಗಡು.

ಶನಿವಾರ ಎಂಜಿನಿಯರ್ ಬಂದ. ಅವನ ಹಿಂದೆಯೇ ಇಸ್ತ್ರಿ ಮಾಡಿದ ಕೋಟಿನಲ್ಲಿ ಮಾಸ್ತರರು! “ಈ ಸಲ ಸ್ವಲ್ಪ ದೂರ ನಿಂದರ್ತೇನಿ” ಎಂದರು.

“ನಡೀರಿ ನಿಮ್ಮ ಮನಿಗೆ! ಅಲ್ಲೇ ನಿಮ್ಮ ಗ್ವಾಡಿ ಕಾಯ್ಕೊಂಡು ಕೂಡ್ರಿ!” ಓಣಿಯೇ ನಡುಗುವಂತೆ ಕೂಗಿದೆ.

ಮಾಸ್ತರರು ಟೊಪ್ಪಿಗೆ ತೆಗೆದರು. “ನನ್ನ ಮನಿ ಎಲ್ಲೈತಿ, ತಂಗಿ? ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ... ಎಲ್ಲಿ ವರ್ಗ ಆತೋ ಅಲ್ಲಿ ಬಾಡಿಗಿ. ಇಲ್ಲೂ ಬಾಡಿಗಿ.” ಅಷ್ಟು ಹೇಳಿ ಹೊರಟುಹೋದರು.

ಫೋಟೊ ಪಾಸಾಯಿತು. ಚಾವಣಿಯೂ ಏರಿತು. ಮಾಸ್ತರರು ಮಾತ್ರ ಆ ಕಡೆ ತಲೆ ಹಾಕಲಿಲ್ಲ. ನನ್ನ ಬಾಯಿಗೆ ಬೆಂಕಿ ಬೀಳಲಿ ಎಂದು ನನ್ನನ್ನೇ ಬೈದುಕೊಂಡೆ. ಅವರಿಗೆ ಅಷ್ಟು ಅನ್ನಬಾರದಿತ್ತು.

ಗೃಹಪ್ರವೇಶದ ದಿನ ಅವರ ಬಾಗಿಲಿಗೆ ಹೋದೆ. “ನೀವು ಬರೂತನಕ ಒಲಿ ಹಚ್ಚಂಗಿಲ್ರಿ, ನಡೀರಿ” ಎಂದೆ.

ಕೋಟು ತೊಟ್ಟೇ ಬಂದರು. ಸೀದಾ ಪಡುವಣ ಗೋಡೆಯ ಮುಂದೆ ನಿಂತು, ಒಂದು ಕಿಸೆಯಿಂದ ಸುತ್ತಿಗೆ, ಇನ್ನೊಂದರಿಂದ ಒಂದು ಮೊಳೆ ತೆಗೆದರು. “ತಂಗಿ, ಒಂದು ಮೊಳಿ ಹೊಡೀಲೇನು? ಇಷ್ಟು ವರ್ಷದಾಗ ಒಬ್ಬ ಮಾಲಕನೂ ಹೊಡಿಯಾಕ ಬಿಟ್ಟಿಲ್ಲ.”

ಹೊಡೆದರು. ಗೋಡೆಗೆ ಮೆತ್ತಿದ್ದ ಹೊಸ ಗಿಲಾವು ಗೇಣಗಲ ಕಳಚಿ ಒಲೆಯ ಮೇಲೆ ಬಿತ್ತು. ಬಂದವರೆಲ್ಲ ನನ್ನ ಮುಖ ನೋಡಿದರು. ಮಾಸ್ತರರಂತೂ ಛಡಿಯೇಟಿಗೆ ಕೈ ಚಾಚಿದ ಹುಡುಗನ ಹಾಗೆ ನಿಂತಿದ್ದರು.

“ಅಲ್ಲಿ ಬ್ಯಾಡ್ರಿ, ಸ್ವಲ್ಪ ಮ್ಯಾಲ ಹೊಡೀರಿ” ಎಂದೆ. “ಗ್ವಾಡಿ ನಿಮ್ದ ಐತಿ.”