ತೊಟ್ಟಿಲಮ್ಮನ ಮೇಲೆ ಒಂದು ಅನುಮಾನ

ನಾನು ಕಳಿಸಿದ ಹಾಲಿನ ಬಾಟಲಿ ತುಂಬಿದ್ದು ತುಂಬಿದ ಹಾಗೇ ವಾಪಸು ಬರುತ್ತಿತ್ತು. ಮಗ ಗುಂಡ ಮಾತ್ರ ಹೊಟ್ಟೆ ತುಂಬಿದವನಂತೆ ಕೈಕಾಲು ಚೆಲ್ಲಿ ಮಲಗಿರುತ್ತಿದ್ದ. ಭಾನುವಾರ ಆರಾಧನೆ ಮುಗಿಸಿ ಮನೆಗೆ ಬಂದು ಎದೆಗೆ ಹಚ್ಚಿಕೊಂಡರೆ ಮುಖ ತಿರುಗಿಸುತ್ತಿದ್ದ. ಒಂದು ವಾರವಾದರೆ ಸೆಕೆ ಅಂದುಕೊಳ್ಳಬಹುದು. ವಾರ ವಾರವೂ ಹೀಗೇ ಆದರೆ ಯಾವ ತಾಯಿಗೆ ತಾನೇ ಅನುಮಾನ ಬರುವುದಿಲ್ಲ?

"ಹೊಟ್ಟೆ ತುಂಬಿದ್ರೆ ಒಳ್ಳೇದೇ ಅಲ್ವಾ?" ಅಂದರು ನನ್ನ ಗಂಡ, ಪೇಪರಿನಿಂದ ತಲೆ ಎತ್ತದೆ.

"ಏನು ತಿಂದು ತುಂಬ್ತು ಅಂತ ಕೇಳ್ತಿದ್ದೀನಿ."

"ದೇವರ ವಾಕ್ಯ."

ಇವರ ಹತ್ತಿರ ಮಾತಾಡುವುದೂ ಒಂದೇ, ಗೋಡೆಗೆ ಹಣೆ ಚಚ್ಚಿಕೊಳ್ಳುವುದೂ ಒಂದೇ.

ನನ್ನ ಅನುಮಾನವೆಲ್ಲ ತೊಟ್ಟಿಲಮ್ಮನ ಮೇಲೆ. ಚರ್ಚಿನ ಹಿಂಬದಿಯಲ್ಲಿ ಕೂಸುಗಳ ಕೋಣೆ ಅಂತ ಒಂದಿದೆ. ಆರಾಧನೆ ನಡೆಯುವಾಗ ಹಾಲುಗೂಸುಗಳನ್ನು ಅಲ್ಲಿ ಬಿಡುತ್ತೇವೆ, ನೋಡಿಕೊಳ್ಳುವವಳು ಅವಳು. ಅವಳ ನಿಜವಾದ ಹೆಸರು ಯಾರ ಬಾಯಲ್ಲೂ ಉಳಿದಿಲ್ಲ. ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿ ಕೂದಲು ನರೆಯುವವರೆಗೂ ದುಡಿದವಳು. ಊರಿನ ಅರ್ಧ ಜನರ ಮೈಗೆ ಮೊದಲ ನೀರು ಹಾಕಿದ್ದು ತಾನೇ ಎನ್ನುತ್ತಾಳೆ. ಯಾರಾದರೂ ದನಿ ಏರಿಸಿದರೆ, "ನಿನ್ನ ಮಚ್ಚೆ ಎಲ್ಲಿದೆ ಅಂತ ಇಲ್ಲೇ ಹೇಳ್ಲಾ?" ಎಂದು ಬಾಯಿ ಮುಚ್ಚಿಸುತ್ತಾಳೆ. ಅವಳ ಗಂಡ ಇದೇ ಚರ್ಚಿನ ಗಂಟೆ ಹೊಡೆಯುತ್ತಿದ್ದ. ಅವನು ತೀರಿಕೊಂಡ ಮೇಲೂ ಕೂಸುಗಳ ಕೋಣೆಗೆ ಅಂಟಿಕೊಂಡ ಸಣ್ಣ ಕೋಣೆಯಲ್ಲಿ ಉಳಿದಳು: ಒಂದು ಮಂಚ, ಒಂದು ಟ್ರಂಕು, ಗಂಡನ ಹಳೆಯ ಕೋಟು ನೇತುಹಾಕಿದ ಒಂದು ಮೊಳೆ. ಮಕ್ಕಳಿಲ್ಲ, ಅಣ್ಣತಮ್ಮಂದಿರಿಲ್ಲ. ಎರಡು ಹೆಗಲಿಗೂ ಒಂದೊಂದು ಕೂಸು ಹಾಕಿಕೊಂಡು, ಕಾಲಿನ ಹೆಬ್ಬೆರಳಿಗೆ ತೊಟ್ಟಿಲಿನ ಹಗ್ಗ ಸಿಕ್ಕಿಸಿಕೊಂಡು ಅವಳು ತೂಗುವುದನ್ನು ನೋಡಬೇಕು. ದೇವರು ಇವಳಿಗೆ ಎರಡೇ ಕೈ ಕೊಟ್ಟದ್ದು ಮರೆವಿನಿಂದ ಎನಿಸುತ್ತದೆ.

ಅನುಮಾನ ಬಲವಾಗಲು ನಮ್ಮ ಚರ್ಚಿನ ಸಭೆ ಎರಡಾಗಿ ಒಡೆದದ್ದೂ ಒಂದು ಕಾರಣ. ಒಡೆದದ್ದು ಬಟ್ಟಲಿನ ವಿಷಯಕ್ಕೆ. ಕರ್ತನ ಭೋಜನದಲ್ಲಿ ಮೊದಲಿನಿಂದಲೂ ದ್ರಾಕ್ಷಾರಸದ ಒಂದೇ ಬೆಳ್ಳಿ ಬಟ್ಟಲು ಬಾಯಿಂದ ಬಾಯಿಗೆ ಹೋಗುತ್ತಿತ್ತು. ಊರಲ್ಲಿ ಕೆಮ್ಮುಜ್ವರ ಹರಡಿದ ವರ್ಷ, ಒಬ್ಬೊಬ್ಬರಿಗೆ ಒಂದೊಂದು ಚಿಕ್ಕ ಬಟ್ಟಲು ಇಡೋಣ ಎಂದರು ಕೆಲವರು. ದೇಹ ಒಂದೇ, ಬಟ್ಟಲೂ ಒಂದೇ ಎಂದರು ಉಳಿದವರು. ಮಾತಿಗೆ ಮಾತು ಬೆಳೆದು ಕಟ್ಟಡ ಒಂದೇ ಉಳಿಯಿತು, ಆರಾಧನೆ ಎರಡಾಯಿತು. ಬೆಳಿಗ್ಗೆ ಮೊದಲು ಚಿಕ್ಕ ಬಟ್ಟಲಿನವರು, ಆಮೇಲೆ ದೊಡ್ಡ ಬಟ್ಟಲಿನವರು. ಬೆಂಚು, ಕೀರ್ತನೆ ಪುಸ್ತಕ, ಕೊನೆಗೆ ಪೊರಕೆಗಳನ್ನೂ ಹಂಚಿಕೊಂಡರು. ತೊಟ್ಟಿಲಮ್ಮನನ್ನು ಹಂಚಲು ಮಾತ್ರ ಯಾರಿಗೂ ದಾರಿ ಹೊಳೆಯಲಿಲ್ಲ. ಅವಳು ಎರಡೂ ಕಡೆಯ ಕೂಸುಗಳನ್ನು ತೂಗುತ್ತಾ ಕೂತಳು.

ನಾನು ಚಿಕ್ಕ ಬಟ್ಟಲಿನವಳು. ಇನ್ನೊಬ್ಬರ ಬಾಯಿ ತಾಗಿದ್ದು ನನಗೆ ಸೇರುವುದಿಲ್ಲ, ಏನು ಮಾಡಲಿ? ಮಗನ ಬಾಟಲಿ, ಚಮಚ, ಗಿಲಕಿ ಎಲ್ಲವನ್ನೂ ಕುದಿಸುತ್ತೇನೆ. ನನ್ನ ಗಂಡನ ತಂಗಿ ದೊಡ್ಡ ಬಟ್ಟಲಿನವಳು. ಒಂದು ಕಾಲಕ್ಕೆ ನಾದಿನಿ ಅತ್ತಿಗೆ ಇಬ್ಬರೂ ಒಂದೇ ಪುಸ್ತಕ ಹಿಡಿದು ಹಾಡಿದವರು. ಸಭೆ ಒಡೆದ ದಿನ ಅವಳು ಮೆಟ್ಟಿಲ ಮೇಲೆ ನಿಂತು, "ಅತ್ತಿಗೆ, ನಿಮಗೆ ದೇವರಿಗಿಂತ ಸೋಪೇ ದೊಡ್ಡದು" ಅಂದಳು. "ನಿನಗೆ ಎಂಜಲೇ ಭಕ್ತಿ" ಅಂದೆ ನಾನು. ಅಲ್ಲಿಗೆ ಮಾತು ನಿಂತಿತು. ಅವಳಿಗೆ ಮಗಳು ಹುಟ್ಟಿದಾಗ ನಾನು ಹೋಗಲಿಲ್ಲ. ತಿಂಗಳು ಕಳೆದು ನನಗೆ ಮಗ ಹುಟ್ಟಿದಾಗ ಅವಳು ಬರಲಿಲ್ಲ.

ನಾನು ಗಾಯನ ವೃಂದದಲ್ಲಿ ಮುಂದಿನ ಸಾಲಿನವಳು. ಎಲ್ಲರ ಕಣ್ಣೆದುರು ನಿಂತವಳು ನಡುವೆ ಎದ್ದು ಹೋಗುವಂತಿಲ್ಲ. ನಮ್ಮ ಸಭಾಪಾಲಕರ ಪ್ರಸಂಗವೋ ರಬ್ಬರಿನ ಹಾಗೆ ಎಳೆದಷ್ಟೂ ಬರುತ್ತದೆ; ಅದು ಮುಗಿಯುವ ಹೊತ್ತಿಗೆ ದೊಡ್ಡ ಬಟ್ಟಲಿನವರು ಅಂಗಳದಲ್ಲಿ ಸೇರಿ ಕೆಮ್ಮಲು ಶುರು ಮಾಡಿರುತ್ತಾರೆ. ಒಂದು ಭಾನುವಾರ ಮಾತ್ರ ಕಡೆಯ ಕೀರ್ತನೆಯನ್ನು ಅರ್ಧಕ್ಕೇ ಬಿಟ್ಟು ಹಿಂದೆ ಓಡಿದೆ. ಕೂಸುಗಳ ಕೋಣೆಗೆ ಒಳಗಿನಿಂದ ಚಿಲಕ. ತಟ್ಟಿದೆ. ಒಳಗಿನ ಪಿಸುಮಾತು ಥಟ್ಟನೆ ನಿಂತಿತು. ಅಂಗಳದ ಕಡೆಯ ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ ಈ ಬಾಗಿಲು ತೆರೆಯಿತು.

"ಗಾಳಿಗೆ ಹೊಡ್ಕೊಳ್ಳುತ್ತೆ ಅಂತ ಹಾಕಿದ್ದೆ, ಮಗಳೇ."

ಹೊರಗೆ ಒಂದು ಎಲೆಯೂ ಅಲುಗುತ್ತಿರಲಿಲ್ಲ.

"ಹಾಲು ಕುಡಿದ್ನಾ?"

"ಬಾಟಲಿ ಬೇಡವಂತೆ ನಿನ್ನ ಮಗನಿಗೆ."

"ಅಳಲಿಲ್ವಾ?"

"ಯಾಕೆ ಅಳ್ತಾನೆ? ರಾಜ ಅವನು."

ರಾಜ ನಿದ್ದೆಯಲ್ಲಿದ್ದ. ಅವನ ತಲೆಗೆ ಮೂಗು ಹಚ್ಚಿದೆ. ನಾನು ಹಾಕದ ಯಾವುದೋ ಪೌಡರಿನ ಘಮ. ಒಗೆದ ಬಟ್ಟೆ ಹುಡುಕುವ ನೆಪದಲ್ಲಿ ಕಪಾಟಿಗೆ ಕೈ ಹಾಕಿದರೆ, ಮಡಿಚಿಟ್ಟ ಲಂಗೋಟಿಗಳ ಹಿಂದೆ ಚೀಟಿಯಿಲ್ಲದ ಕಂದು ಸೀಸೆ. ಅವಳು ಅತ್ತ ತಿರುಗಿದಾಗ ಅದನ್ನು ನನ್ನ ಚೀಲಕ್ಕೆ ಸೇರಿಸಿದೆ. ಹಟಮಾರಿ ಕೂಸುಗಳ ನಾಲಿಗೆಗೆ ಹಿಂದಿನ ಕಾಲದ ಆಯಾಗಳು ನಿದ್ದೆಯ ಹನಿ ಹಾಕುತ್ತಿದ್ದರೆಂದು ಅಮ್ಮ ಹೇಳುತ್ತಿದ್ದಳು.

ಮರುದಿನ ಮಗನನ್ನು ಹೆಗಲಿಗೆ ಹಾಕಿಕೊಂಡು, ಆ ಸೀಸೆಯನ್ನೂ ಹಿಡಿದು ನಮ್ಮ ಕಡೆಯ ಹಿರಿಯರ ಅಂಗಡಿಗೆ ಹೋದೆ. ಅವರದು ಗಡಿಯಾರ ರಿಪೇರಿ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಎಲ್ಲವನ್ನೂ ಕೇಳಿದರು. ಆ ಕಣ್ಣು ನನ್ನ ಕಡೆ ತಿರುಗಿದಾಗ ಕೋಳಿಮೊಟ್ಟೆಯಷ್ಟು ದೊಡ್ಡದಾಗಿ ಕಂಡಿತು.

"ನನಗೆ ಮೊದಲೇ ಗೊತ್ತಿತ್ತಮ್ಮ. ಚಿವುಟಿ ತೊಟ್ಟಿಲು ತೂಗೋ ಜಾತಿ ಅದು. ನಮ್ಮ ಪ್ರಸಂಗ ಆಮೆನ್ ಅನ್ನೋ ಮೊದಲೇ ಅವರ ಕಿವಿಗೆ ಬೀಳ್ತಿದೆ. ಯಾರು ಮುಟ್ಟಿಸ್ತಾರೆ ಹೇಳಿ?"

"ಅದೆಲ್ಲ ನಂಗೊತ್ತಿಲ್ಲ. ಮಗುಗೆ ಏನು ಕೊಡ್ತಿದ್ದಾಳೆ ಅಂತಷ್ಟೇ..."

"ನೀವು ಸಭೇಲಿ ಎದ್ದು ನಿಂತು ಹೇಳಿ, ಸಾಕು. ಆ ಕಡೆಯವರಿಗೂ ಅವಳ ಮೇಲೆ ಅನುಮಾನ ಇದ್ದೇ ಇದೆ. ಕೋಣೆ ಬಿಡಿಸಿ, ಕಳಿಸಿಬಿಡೋಣ."

"ಕಳಿಸೋದಾ? ಎಲ್ಲಿಗೆ?"

"ಅದು ನಮ್ಮ ತಲೆನೋವಲ್ಲ" ಎಂದು ಗಡಿಯಾರದ ಹೊಟ್ಟೆಯ ಮೇಲೆ ಬಗ್ಗಿದರು.

ಮನೆಗೆ ಬರುವ ದಾರಿಯುದ್ದಕ್ಕೂ ಆ ಮೊಳೆಯ ಮೇಲಿನ ಕೋಟು ಕಣ್ಣಿಗೆ ಕಟ್ಟಿತ್ತು. ಆದರೆ ಹೆಗಲ ಮೇಲಿದ್ದವನು ನನ್ನ ಮಗ.

ಶನಿವಾರ ಮಧ್ಯಾಹ್ನ ಸಭೆ ಸೇರಿತು. ಬಟ್ಟಲಿನ ಜಗಳವಾದ ಮೇಲೆ ಎರಡೂ ಕಡೆಯವರು ಒಂದೇ ಸೂರಿನಡಿ ಒಟ್ಟಿಗೆ ಕೂತದ್ದು ಅದೇ ಮೊದಲು. ಒಬ್ಬ ಮುದುಕಿಯನ್ನು ಹೊರಹಾಕುವ ವಿಷಯದಲ್ಲಾದರೂ ಅಪೂರ್ವ ಒಗ್ಗಟ್ಟು! ನಡುದಾರಿಯ ಆಚೆ ಅವರು, ಈಚೆ ನಾವು. ಎದುರು ಸಾಲಿನಲ್ಲಿ ನಾದಿನಿ. ಅವಳ ಮಗಳು ಅವಳ ಗಂಡನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಅವಳು ನನ್ನತ್ತ ನೋಡಲಿಲ್ಲ, ನಾನೂ ನೋಡಲಿಲ್ಲ. ಆದರೆ ಅವಳು ಉಟ್ಟಿದ್ದು ಬೂದು ಬಣ್ಣದ ಸೀರೆ ಎಂಬುದು ನನಗೆ ಗೊತ್ತಿತ್ತು.

ತೊಟ್ಟಿಲಮ್ಮ ಮುಂದೆ ನಿಂತಿದ್ದಳು. ಹಿರಿಯರು ಕಂದು ಸೀಸೆಯನ್ನು ಎತ್ತಿ ಹಿಡಿದರು.

"ಏನಿದು?"

"ಮಂಡಿಗೆ ಹಚ್ಚೋ ಎಣ್ಣೆ. ಬೇಕಾದ್ರೆ ನಿಮ್ಮ ಮಂಡಿಗೂ ಹಚ್ಚಿ, ಪ್ರಾರ್ಥನೆಗೆ ಬಗ್ಗೋಕೆ ಆಗುತ್ತೆ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹಿರಿಯರ ಕಿವಿ ಕೆಂಪಾಯಿತು.

"ಈ ಅಮ್ಮನ ಮಗುಗೆ ಏನು ಕುಡಿಸ್ತೀಯ?"

ತೊಟ್ಟಿಲಮ್ಮನ ಬಾಯಿ ಅಲ್ಲಿಗೆ ಮುಚ್ಚಿತು. ಎಲ್ಲದಕ್ಕೂ ಪಟಪಟನೆ ಉತ್ತರ ಕೊಡುವವಳು ಇದೊಂದಕ್ಕೆ ನೆಲ ನೋಡುತ್ತಾ ನಿಂತಳು. ಹಾಗಾದರೆ ನಿಜ. ಏನೋ ಕುಡಿಸುತ್ತಿದ್ದಾಳೆ.

"ಬನ್ನಿ, ಹೇಳಿ" ಎಂದು ಹಿರಿಯರು ನನ್ನನ್ನು ಕರೆದರು. ಮಗನನ್ನು ಎತ್ತಿಕೊಂಡೇ ಮುಂದೆ ಹೋದೆ. ಗುಂಡ ಅವಳನ್ನು ಕಂಡದ್ದೇ ತಡ, ಕೈ ಚಾಚಿ ಹಾರಿದ. ಅವಳೂ ರೂಢಿಯಂತೆ ತೋಳು ಒಡ್ಡಿದಳು. ಇಷ್ಟು ಜನರೆದುರು ಏನು ಮಾಡಿಯಾಳು ಎಂದು ಬಿಟ್ಟೆ. ಗಂಟಲು ಸರಿಮಾಡಿಕೊಂಡು, "ನನ್ನ ಮಗ..." ಎನ್ನುವಷ್ಟರಲ್ಲಿ ಗುಂಡ ಚಿಟ್ಟನೆ ಚೀರಿದ. ಹೆಂಚು ಹಾರಿಹೋಗುವಂಥ ಚೀರು.

ತಿರುಗಿ ಅವನ ಕಡೆ ಕೈ ಚಾಚಿದ ನನಗೆ ನಡುದಾರಿಯ ಆಚೆ ಕಂಡದ್ದು ನಾದಿನಿ. ಅವಳು ಬೆಂಚಿನಿಂದ ಅರ್ಧ ಎದ್ದಿದ್ದಳು. ಎರಡು ಕೈಯೂ ಮುಂದೆ ಬಂದಿದ್ದವು. ಸುತ್ತ ಜನರಿದ್ದಾರೆಂದು ಅರಿವಾಗಿ ಧೊಪ್ಪನೆ ಕೂತು ಸೆರಗು ಎಳೆದುಕೊಂಡಳು. ತಡವಾಗಿತ್ತು. ಬೂದು ಸೀರೆಯ ಎದೆಯ ಮೇಲೆ ಒದ್ದೆ ಹರಡುತ್ತಿತ್ತು.

ಗಂಡಸರಿಗೆ ಅದು ಕಂಡಿರಲಾರದು, ಕಂಡರೂ ಅರ್ಥವಾಗದು. ಅವಳ ಮಗಳು ಗಾಢ ನಿದ್ದೆಯಲ್ಲಿದ್ದಳು. ಅತ್ತದ್ದು ನನ್ನ ಮಗ. ಮಗುವಿನ ಅಳು ಕೇಳಿದೊಡನೆ ಎದೆಯಲ್ಲಿ ಹಾಲು ಇಳಿಯುವುದೆಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನನ್ನ ರವಿಕೆಯೂ ಆಗ ಒದ್ದೆಯಾಗುತ್ತಿತ್ತು.

ಬಾಟಲಿ, ಚಿಲಕ, ಪಿಸುಮಾತು, ಅಂಗಳದ ಬಾಗಿಲು, ಪೌಡರಿನ ಘಮ, ಎಲ್ಲವೂ ಒಮ್ಮೆಗೇ ತಾಳೆಯಾದವು. ನನಗೆ ಮೊದಲು ಬಂದದ್ದು ಕೃತಜ್ಞತೆಯಲ್ಲ, ಸಿಟ್ಟು. ನನ್ನನ್ನು ಒಂದು ಮಾತು ಕೇಳದೆ! ನಾನು ಗಿಲಕಿಯನ್ನೂ ಕುದಿಸಿ ಕೊಡುವವಳು! ಅಷ್ಟರಲ್ಲಿ ಗುಂಡನ ಚೀರು ಇನ್ನೂ ಏರಿತು. ತೊಟ್ಟಿಲಮ್ಮ ಅವನನ್ನು ನನ್ನ ಕೈಗೆ ಕೊಟ್ಟು ಹಿಂದೆ ಸರಿದಳು. ಈಗಲೂ ಅವಳು ನಾದಿನಿಯ ಕಡೆ ಕಣ್ಣು ಹಾಯಿಸಲಿಲ್ಲ. ಒಂದು ಹೆಸರು ಹೇಳಿದ್ದರೆ ಅವಳ ಕೋಣೆ ಉಳಿಯುತ್ತಿತ್ತು. ಹೇಳಲಿಲ್ಲ.

"ಹೇಳಿ ಅಮ್ಮ" ಎಂದರು ಹಿರಿಯರು. "ಏನು ಕುಡಿಸ್ತಿದ್ಲು?"

ನಾನು ನಡುದಾರಿ ದಾಟಿದೆ. ಚಿಕ್ಕ ಬಟ್ಟಲಿನ ಒಬ್ಬರೂ ಆ ಕಡೆ ಕಾಲಿಡದೆ ಬಹಳ ಕಾಲವಾಗಿತ್ತು. ಗುಂಡನನ್ನು ನಾದಿನಿಯ ಮಡಿಲಿಗೆ ಹಾಕಿದೆ. ಅವನು ಸೆರಗಿನೊಳಗೆ ತಲೆ ತೂರಿಸಿ, ದಾರಿ ಗೊತ್ತಿದ್ದವನ ಹಾಗೆ ಹುಡುಕಿಕೊಂಡು, ಅಳು ನಿಲ್ಲಿಸಿದ.

"ಇದನ್ನೇ" ಅಂದೆ.

ಚರ್ಚಿನಲ್ಲಿದ್ದ ಗಂಡಸರಿಗೆಲ್ಲ ಒಮ್ಮೆಗೇ ಚಾವಣಿಯ ಫ್ಯಾನಿನ ಮೇಲೆ ಆಸಕ್ತಿ ಹುಟ್ಟಿತು. ಗಡಿಯಾರದ ಹಿರಿಯರು ತಮ್ಮ ಕೈಗಡಿಯಾರವನ್ನು ಕಿವಿಗೆ ಹಿಡಿದು, ನಿಂತಿದೆಯೇನೋ ಎಂಬಂತೆ ಆಲಿಸಿದರು. ಸಭೆ ಯಾವ ತೀರ್ಮಾನವೂ ಆಗದೆ ಕರಗಿತು. ಕೋಣೆ ಬಿಡು ಎಂದು ತೊಟ್ಟಿಲಮ್ಮನಿಗೆ ಯಾರೂ ಹೇಳಲಿಲ್ಲ, ಆಮೇಲೂ ಹೇಳಿಲ್ಲ.

ನಾನು ನಾದಿನಿಯ ಪಕ್ಕದಲ್ಲೇ ಕೂತೆ.

"ಎಷ್ಟು ದಿನದಿಂದ?"

"ನೀವು ಹಾಡ್ತಾ ಇದ್ರಿ, ಅತ್ತಿಗೆ. ಇವನು ಬಾಟಲಿ ಮುಟ್ಟದೆ ನೀಲಿಗಟ್ಟೋ ಹಾಗೆ ಅಳ್ತಿದ್ದ. ನಾನು ಬೇಗ ಬಂದಿದ್ದೆ. ಅಣ್ಣನ ಮಗ ಅಲ್ವಾ, ನೋಡ್ಕೊಂಡು ಇರೋಕೆ ಆಗ್ಲಿಲ್ಲ."

"ನಂಗೆ ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ನೀವು ಮಗೂನೇ ಕುದಿಸಿಬಿಡ್ತಿದ್ರಿ. ಅದಕ್ಕೇ ತೊಟ್ಟಿಲಮ್ಮನ ಹತ್ರ ಆಣೆ ಹಾಕಿಸ್ಕೊಂಡೆ."

ನಗು ಬಂತು, ತಡೆದುಕೊಂಡೆ. ಆದರೂ ಕೇಳಬೇಕಾದ್ದನ್ನು ಕೇಳದಿದ್ದರೆ ನಾನು ನಾನೇ ಅಲ್ಲ. "ನಿಂಗೆ ಕಾಯಿಲೆ ಗೀಯಿಲೆ ಏನೂ ಇಲ್ಲ ತಾನೇ?"

"ಇದೆ. ಹಟ. ನಿಮ್ಮ ಗಂಡನ ಮನೆಯಿಂದಲೇ ಬಂದಿದ್ದು."

ಅವಳ ಮಗಳು ಎದ್ದು ಕುಂಯ್ಗುಟ್ಟಿದಳು. ಮೊದಲ ಸಲ ನಾನು ಆ ಹುಡುಗಿಯನ್ನು ಎತ್ತಿಕೊಂಡೆ. ನನ್ನ ಎದೆ ಭಾರವಾಗಿತ್ತು, ಅವಳಿಗೆ ಹಸಿವಾಗಿತ್ತು.

ಬಟ್ಟಲುಗಳು ಇಂದಿಗೂ ಬೇರೆ ಬೇರೆಯೇ. ಪೊರಕೆಗಳೂ ಬೇರೆಯೇ. ಕೂಸುಗಳ ಕೋಣೆಗೆ ಮಾತ್ರ ಈಗ ಚಿಲಕವಿಲ್ಲ. ನಾನು ಹಾಡುವಾಗ ನಾದಿನಿ ಇವನಿಗೆ ಕುಡಿಸುತ್ತಾಳೆ; ಅವರ ಆರಾಧನೆ ಶುರುವಾದ ಮೇಲೆ ನಾನು ಅವಳ ಮಗಳ ಹತ್ತಿರ ಕೂರುತ್ತೇನೆ. ಬಾಟಲಿಯನ್ನು ಮೇಲಿನ ಕಪಾಟಿಗೆ ಎತ್ತಿಟ್ಟಿದ್ದೇನೆ, ಕುದಿಸಿಯೇ.

ಆದರೆ ಒಂದು ಅನುಮಾನ ಉಳಿದಿದೆ. ಆ ಶನಿವಾರ ಸಂಜೆ ಗುಂಡನಿಗೆ ಸ್ನಾನ ಮಾಡಿಸುವಾಗ ಅವನ ತೊಡೆಯ ಹಿಂದೆ ಕೆಂಪಗೆ ಒಂದು ಗುರುತು ಕಂಡಿತ್ತು. ಎರಡು ಬೆರಳು ಸೇರಿದರೆ ಆಗುವಷ್ಟು. ಮರುದಿನ ಅವನ ಬಟ್ಟೆ ಸರಿಸಿ ತೊಟ್ಟಿಲಮ್ಮನಿಗೆ ತೋರಿಸಿದೆ.

"ಇದೇನು?"

ಅವಳು ಬಗ್ಗಿ, ಕಣ್ಣು ಕಿರಿದು ಮಾಡಿ, ಬಹಳ ಹೊತ್ತು ಪರೀಕ್ಷಿಸಿದಳು.

"ಸೊಳ್ಳೆ ಇರಬೇಕು, ಮಗಳೇ" ಎಂದು ಹೆಬ್ಬೆರಳಿಗೆ ಹಗ್ಗ ಸಿಕ್ಕಿಸಿಕೊಂಡು ತೂಗತೊಡಗಿದಳು.